ಎರಡು ಮಾತ್ರೆಯ ಸುದ್ದಿ

ಕಾಜಾ ಮಿಷನ್ನಿನ ಪಕ್ಕದ ಮೇಜಿನಿಂದ,
ಹತ್ತನೇ ತಾರೀಕು, ಗುರುವಾರ, ಊಟದ ಬಿಡುವು

ನನ್ನ ಮುದ್ದಿನ ಉಪ್ಪಣ್ಣಾ,

ಹೇಗಿದ್ದೀಯೋ? ಮಾಮೂಲಿನಂತೆ ‘ಚೆನ್ನಾಗಿದೀನಿ’ ಅಂತ ಒಂದೇ ಪದ ಗೀಚಿ ಕಳಿಸಿದರೆ ನಾನು ಒಪ್ಪುವವಳಲ್ಲ, ಕೇಳಿದ್ದಕ್ಕೆಲ್ಲ ಬೇರೆ ಬೇರೆಯಾಗಿ ಉತ್ತರ ಬೇಕು. ಬೆಳಗ್ಗೆ ಹಾಸಿಗೆಯಿಂದ ಎದ್ದಾಗ ಕಣ್ಣು ಕತ್ತಲೆ ಬರುತ್ತದೆಯೇ? ಪ್ಯಾಂಟು ಸೊಂಟದಲ್ಲಿ ನಿಲ್ಲುತ್ತಿದೆಯೋ ಅಥವಾ ಬೆಲ್ಟಿಗೆ ಇನ್ನೊಂದು ತೂತು ಕೊರೆದೆಯೋ? ಅಂಗೈ ಗೆರೆಗಳನ್ನು ಬಿಸಿಲಿಗೆ ಹಿಡಿದು ನೋಡು, ಒಸಡನ್ನು ಕನ್ನಡಿಯಲ್ಲಿ ನೋಡು, ಕಪ್ಪು ಹೆಚ್ಚಾಗಿದ್ದರೆ ಮುಚ್ಚಿಡದೆ ಬರೆ. ಉಪ್ಪಿನ ಮೂಟೆಯ ಪಕ್ಕದಲ್ಲೇ ನಿಂತು ಅಡುಗೆ ಮಾಡುವವನಿಗೆ ಉಪ್ಪು ತಿನ್ನು ಅಂತ ನಾನು ಹೇಳಬೇಕಾಗಿಲ್ಲ. ಆದರೂ ಸುರಂಗ ಕೊರೆಯುವ ಆ ಇನ್ನೂರು ಜನಕ್ಕೆ ಬಡಿಸಿ ಮುಗಿಸುವ ಹೊತ್ತಿಗೆ ನಿನಗೆ ನಿನ್ನ ಊಟವೇ ಮರೆತುಹೋಗಿರುತ್ತದೆ, ನನಗೆ ಗೊತ್ತಿಲ್ಲವೇ. ನಾನು ಚೆನ್ನಾಗಿದ್ದೇನೆ. ಕಣ್ಣು ಸ್ವಲ್ಪ ಮಂಜು, ಕಾರ್ಖಾನೆಯಲ್ಲಿ ದಿನಕ್ಕೆ ಅಷ್ಟು ಅಂಗಿಗಳಿಗೆ ಗುಂಡಿತೂತು ಹೊಲಿದರೆ ಇನ್ನೇನಾಗುತ್ತದೆ. ಅಮ್ಮನೂ ಓಡಾಡಿಕೊಂಡಿದ್ದಾಳೆ.

ಇಷ್ಟು ದಿನ ಒಂದು ಸಾಲೂ ಬರೆಯಲಿಲ್ಲ ಅಂತ ನೀನು ಮೂಗಿನ ತುದಿಗೆ ಸಿಟ್ಟು ತಂದುಕೊಂಡು ಕೂತಿರುತ್ತೀಯ. ಗುಡ್ಡ ಕುಸಿದು ಕ್ಯಾಂಪಿನ ದಾರಿ ಮುಚ್ಚಿದ್ದು ಇಪ್ಪತ್ತನೇ ತಾರೀಕಿಗೆ, ತೆರೆದದ್ದು ಮೊನ್ನೆ. ಸಾಮಾನಿನ ಲಾರಿ ಇವತ್ತು ಸಂಜೆ ಹೊರಡುತ್ತದೆ. ಪತ್ರದ ಜೊತೆಗಿನ ಪೊಟ್ಟಣದಲ್ಲಿ ನಿನ್ನ ಮಾತ್ರೆಗಳಿವೆ. ಈಗ ನಾನು ಹೇಳುವುದನ್ನು ಅಕ್ಕನ ಮಾತು ಅಂತ ಉಡಾಫೆ ಮಾಡದೆ ಕೇಳು. ಇದನ್ನು ನಿಂತುಕೊಂಡು ಓದಬೇಡ, ಒಲೆಯ ಮುಂದೆ ಓದಬೇಡ. ಹೊಟ್ಟೆಗೇನಾದರೂ ಹಾಕಿಕೊಂಡು, ಹಗಲು ಹೊತ್ತಿನಲ್ಲಿ, ಯಾರನ್ನಾದರೂ ಪಕ್ಕದಲ್ಲಿ ಕೂರಿಸಿಕೊಂಡು ಓದು. ಲಾರಿಯವನಿಗೆ ಹೇಳಿದ್ದೇನೆ, ನೀನು ಓದಿ ಮುಗಿಸುವವರೆಗೆ ಅವನು ಅಲ್ಲಿಂದ ಏಳಬಾರದು ಅಂತ. ಆ ಮನುಷ್ಯ ಬಾಯಿ ತೆಗೆದರೆ ಮುಚ್ಚುವವನಲ್ಲ, ಆದರೆ ಈ ವಿಷಯದಲ್ಲಿ ಬಾಯಿಗೆ ಬೀಗ ಹಾಕಿಕೊಳ್ಳುತ್ತೇನೆ ಅಂತ ಮಾತು ಕೊಟ್ಟಿದ್ದಾನೆ.

ನಮ್ಮ ಮನೆಯ ಕಾನೂನು ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು. ನಿನಗೆ ಹತ್ತೊಂಬತ್ತು ತುಂಬಿದ ವರ್ಷ ಡಾಕ್ಟರು ಕಾಗದದ ಮೇಲೆ ಚಿತ್ರ ಬರೆದು ತೋರಿಸಿದ್ದರಲ್ಲ, ಮೂತ್ರಪಿಂಡದ ಮೇಲೆ ಟೋಪಿಯ ಹಾಗೆ ಕೂತಿರುವ ಎರಡು ಪುಟ್ಟ ಗ್ರಂಥಿಗಳು, ಅವು ಒಣಗಿಹೋಗಿವೆ, ಅವು ಮಾಡಬೇಕಾದ ಹಾರ್ಮೋನನ್ನು ಬದುಕಿರುವವರೆಗೂ ಮಾತ್ರೆಯಾಗಿ ನುಂಗಬೇಕು ಅಂತ. ಎರಡು ದಿನ ತಪ್ಪಿದರೆ ಜೀವಕ್ಕೆ ಅಪಾಯ. ಜ್ವರ ಬಂದರೆ, ಪೆಟ್ಟಾದರೆ, ದೊಡ್ಡ ಆಘಾತವಾದರೆ ಎರಡರಷ್ಟು, ಇಲ್ಲದಿದ್ದರೆ ಮೈ ತಡೆಯುವುದಿಲ್ಲ. ಆ ಮಾತು ಕೇಳಿದ ದಿನವೇ ಅಪ್ಪ ಮನೆಯಲ್ಲಿ ಆಘಾತವನ್ನು ರದ್ದು ಮಾಡಿಬಿಟ್ಟರು. ಅಪ್ಪ ಅಮ್ಮ ಜಗಳವಾಡಬೇಕಾದರೆ ತಾರಸಿಗೆ ಹೋಗಿ ಪಿಸುಗುಟ್ಟಿಕೊಂಡು ಆಡಬೇಕು. ಅಜ್ಜಿ ತೀರಿಕೊಂಡಾಗ ನಿನಗೆ ಮೂರು ದಿನ ಕಂತಿನಲ್ಲಿ ಹೇಳಿದೆವು, ಮೊದಲು ನೆಗಡಿ, ಆಮೇಲೆ ಜ್ವರ, ಆಮೇಲೆ ಆಸ್ಪತ್ರೆ. ಎರಡನೇ ದಿನವೇ ನೀನು ನನ್ನ ಜಡೆ ಹಿಡಿದು ಎಳೆದು ಕೇಳಿದೆ: “ಅಕ್ಕಾ, ಸುತ್ತಿ ಬಳಸಿ ಬೇಡ. ಇದು ಎಷ್ಟು ಮಾತ್ರೆ ಸುದ್ದಿ, ಅಷ್ಟು ಹೇಳು ಸಾಕು.” ಅವತ್ತಿನಿಂದ ಅದೇ ಅಳತೆಯಾಯಿತು ನಮಗೆ. ಅಮ್ಮನ ಕುಕ್ಕರು ಸಿಡಿದದ್ದು ಕಾಲು ಮಾತ್ರೆ. ನನ್ನ ಮದುವೆ ಮಾತುಕತೆ ಮುರಿದದ್ದು ಅರ್ಧ ಮಾತ್ರೆ, ಅದನ್ನೂ ನೀನು ನುಂಗದೆ ಉಳಿಸಿದೆ, ‘ಆ ಮುಖಕ್ಕೆ ಇದು ದಂಡ’ ಅಂತ.

ಇದು ಎರಡು ಮಾತ್ರೆ ಸುದ್ದಿ ಕಣೋ. ಇಲ್ಲಿಗೆ ನಿಲ್ಲಿಸು. ಪೊಟ್ಟಣ ಬಿಚ್ಚಿ ಎರಡು ನುಂಗು, ಒಂದು ಲೋಟ ಉಪ್ಪು ಹಾಕಿದ ನೀರು ಕುಡಿ, ಅರ್ಧ ಗಂಟೆ ಕೂತಿರು. ಪುಟ ತಿರುಗಿಸಬೇಡ. ನನ್ನಾಣೆ.

ಅಪ್ಪ ಹೋಗಿಬಿಟ್ಟರು. ಇಪ್ಪತ್ತಾರನೇ ತಾರೀಕು, ಗುರುವಾರ ಬೆಳಗ್ಗೆ. ನಾವು ಅವರನ್ನು ಕಳಿಸಿಕೊಟ್ಟಿದ್ದೂ ಆಯಿತು, ನೀನಿಲ್ಲದೆ. ಇವತ್ತಿಗೆ ಹದಿನಾಲ್ಕು ದಿನ. ಹದಿನಾಲ್ಕು ದಿನ ನಿನ್ನಿಂದ ಇದನ್ನು ಮುಚ್ಚಿಟ್ಟವಳು ನಾನು, ಅಮ್ಮನಲ್ಲ, ಬೈಯುವುದಿದ್ದರೆ ನನಗೊಬ್ಬಳಿಗೇ ಬೈ. ಕ್ಯಾಂಪ್ ಆಫೀಸಿಗೆ ಫೋನು ಮಾಡಿದೆ ಉಪ್ಪಣ್ಣಾ, ಅವತ್ತೇ ಮಾಡಿದೆ. ಆ ಕಡೆ ಗುಮಾಸ್ತ ಎತ್ತಿದ, ‘ಏನು ಹೇಳ್ಬೇಕು ಹೇಳಿ, ಹೇಳ್ತೀನಿ’ ಅಂದ. ನನಗೆ ತಟ್ಟನೆ ನಿನ್ನ ಮಾತ್ರೆ ಡಬ್ಬಿ ನೆನಪಾಯಿತು. ಅದರಲ್ಲಿದ್ದದ್ದು ಹನ್ನೆರಡನೇ ತಾರೀಕಿನವರೆಗೆ, ಅದೂ ಸಾದಾ ದಿನಗಳ ಹಿಸಾಬಿನಲ್ಲಿ. ದುಃಖ ಪಡುವುದಕ್ಕೆ ಅದರಲ್ಲಿ ಒಂದೇ ಒಂದು ಮಾತ್ರೆಯೂ ಹೆಚ್ಚಿರಲಿಲ್ಲ. ದಾರಿ ಮುಚ್ಚಿದೆ, ಡಾಕ್ಟರಿಲ್ಲ, ಆ ಗುಮಾಸ್ತ ಅಡುಗೆಮನೆಯ ಬಾಗಿಲಲ್ಲಿ ನಿಂತು ಒಂದೇ ಉಸಿರಿಗೆ ಹೇಳಿ ಹೋಗುತ್ತಾನೆ, ನೀನು ಒಲೆಯ ಮುಂದೆ ಕುಸಿಯುತ್ತೀಯ. ನಾನು ಗುಮಾಸ್ತನಿಗೆ ‘ಏನಿಲ್ಲ, ಚೆನ್ನಾಗಿದಾನಾ ಅಂತ ಕೇಳೋಕೆ ಮಾಡ್ದೆ’ ಅಂದು ಫೋನಿಟ್ಟೆ. ಅವನು ನಿನಗೆ ಅಷ್ಟನ್ನಾದರೂ ಹೇಳಿದನೋ ಇಲ್ಲವೋ. ಆಮೇಲೆ ಅಮ್ಮ ಕೇಳಿದಳು, ಹೇಳಿದೆಯಾ ಅಂತ. ಇಲ್ಲ ಅಂದೆ. ‘ಒಳ್ಳೇದಾಯ್ತು’ ಅಂದು ಒಳಗೆ ಹೋಗಿ ಗೋಡೆಗೆ ತಲೆಯಿಟ್ಟು ನಿಂತಳು.

ಅತ್ತೆಯಾ? ಅತ್ತುಬಿಡು. ಅತ್ತ ಮೇಲೆ ಇನ್ನರ್ಧ ನುಂಗು, ಯಾಕೆಂದರೆ ಹೇಗೆ ಹೋದರು ಅನ್ನುವುದು ಇನ್ನೂ ಇದೆ. ಅದನ್ನು ನಿನಗೆ ಹೇಳಬೇಕೋ ಬೇಡವೋ ಅಂತ ಹದಿನಾಲ್ಕು ದಿನವೂ ಯೋಚಿಸಿದೆ. ಹೇಳದೆ ಇದ್ದರೆ ನೀನು ನೆಮ್ಮದಿಯಾಗಿರುತ್ತೀಯ, ಆದರೆ ಮುಂದಿನ ತಿಂಗಳು ಪೊಟ್ಟಣ ಯಾಕೆ ಬರಲಿಲ್ಲ ಅಂತ ನೀನು ಕೇಳುತ್ತೀಯಲ್ಲ, ಅವತ್ತು ಏನು ಹೇಳಲಿ? ಇನ್ನೊಂದು ನಿಜವೂ ಇದೆ, ನಾಚಿಕೆ ಬಿಟ್ಟು ಹೇಳುತ್ತೇನೆ. ಇದನ್ನು ಒಬ್ಬಳೇ ಹೊತ್ತುಕೊಂಡಿರಲು ನನ್ನಿಂದ ಆಗುತ್ತಿಲ್ಲ.

ಅಪ್ಪನ ಕುಂಟು ನಿನಗೆ ನೆನಪಿದೆಯಲ್ಲ. ನಿನಗೆ ಇಪ್ಪತ್ತೊಂದಾದ ದಿನ ಅಪ್ಪನ ಬಸ್ ಡಿಪೋದ ಆರೋಗ್ಯ ಕಾರ್ಡಿನಿಂದ ನಿನ್ನ ಹೆಸರು ಹೊಡೆದುಹಾಕಿದರು, ಸರಿಯಾಗಿ ಹುಟ್ಟುಹಬ್ಬದ ದಿನವೇ, ಅಷ್ಟು ಶಿಸ್ತು ಅವರಿಗೆ. ವಿಮೆ ಮಾಡಿಸಲು ನಾವು ಹತ್ತದ ಮೆಟ್ಟಿಲಿಲ್ಲ. ಎಲ್ಲ ಕಡೆ ಅದೇ ನಗು ಮುಖ, ಅದೇ ಉತ್ತರ, ಮೊದಲೇ ಇರುವ ಕಾಯಿಲೆಗೆ ನಾವು ಕೊಡುವುದಿಲ್ಲ ಅಂತ. ಮನೆಗೆ ಬಂದು ಅಪ್ಪ ಚಪ್ಪಲಿ ಬಿಡುತ್ತ, “ಇವನ ಹೆಸರು ಹೊಡೆದ್ರೆ ಹೋಗ್ಲಿ ಬಿಡೇ, ನನ್ನ ಹೆಸರಿದೆಯಲ್ಲ” ಅಂದರು. ಅದೇ ಮಾತ್ರೆಯನ್ನು ಕೀಲು ಊದಿದವರಿಗೂ ಕೊಡುತ್ತಾರೆ ಅಂತ ಅವರಿಗೆ ಯಾರೋ ಹೇಳಿದ್ದರು. ಅಲ್ಲಿಂದ ಶುರುವಾಯಿತು ಅಪ್ಪನ ಕೀಲುನೋವು. ಬಸ್ ನಿಲ್ದಾಣದವರೆಗೆ ಹೆಜ್ಜೆ ಹಾಕಿ ನೆಟ್ಟಗೆ ನಡೆಯುತ್ತಿದ್ದ ಮನುಷ್ಯ ನಿವೃತ್ತರ ಕ್ಲಿನಿಕ್ಕಿನ ಗೇಟು ಕಂಡ ಕೂಡಲೇ ಎಡಗಾಲು ಎಳೆಯಲು ಶುರು. ಪಾಠ ಹೇಳಿಕೊಟ್ಟವನು ನೀನೇ ತಾನೆ, ಹಜಾರದಲ್ಲಿ ಹಿಂದೆ ಮುಂದೆ ನಡೆಸಿ. ಒಂದು ಸಲ ಮರೆತು ಬಲಗಾಲು ಕುಂಟಿ, ಕನ್ನಡಕದ ಡಾಕ್ಟರು ಹೋದ ತಿಂಗಳು ಎಡಗಾಲಲ್ವಾ ಅಂದಾಗ, ‘ಎರಡೂ ಸರದಿ ಮೇಲೆ ನೋಯ್ತವೆ ಸಾರ್’ ಅಂದು ಬಚಾವಾಗಿದ್ದರು. ಅದನ್ನು ಕೇಳಿ ನಾವು ಎಷ್ಟು ನಕ್ಕಿದ್ದೆವು! ಎಂಟು ವರ್ಷ ಪ್ರತಿ ತಿಂಗಳ ಮೊದಲ ಗುರುವಾರ ತಪ್ಪದೆ ಕುಂಟಿದರು. ಕಾರ್ಡಿನಲ್ಲಿ ಎಂಟು ವರ್ಷವೂ ದಾಖಲಾಯಿತು, ಈ ಮನುಷ್ಯ ಈ ಮಾತ್ರೆಯನ್ನು ದಿನಾ ತಿನ್ನುತ್ತಾನೆ ಅಂತ. ಅಪ್ಪ ಒಂದನ್ನೂ ನಾಲಿಗೆಗೆ ಮುಟ್ಟಿಸಲಿಲ್ಲ.

ಈಗ ಕೇಳು. ಹೋದ ತಿಂಗಳು ಹದಿನಾರನೇ ತಾರೀಕು, ಸೋಮವಾರ. ನಾನು ಕೆಲಸಕ್ಕೆ ಹೊರಡುವ ಗಡಿಬಿಡಿಯಲ್ಲಿದ್ದೆ. ಅಪ್ಪ ಸ್ನಾನದಮನೆಯಿಂದ ಕುಂಟುತ್ತ ಬಂದರು. ಅಮ್ಮ ನಕ್ಕಳು. ನಾನು ಜಡೆ ಹೆಣೆದುಕೊಳ್ಳುತ್ತ, ‘ಕ್ಲಿನಿಕ್ಕಿಗೆ ಇನ್ನೂ ಎರಡು ವಾರ ಇದೆ ಅಪ್ಪಾ, ಈಗಲೇ ಪ್ರಾಕ್ಟೀಸಾ’ ಅಂದೆ. ಆಮೇಲೆ ನೋಡಿದರೆ ಅವರು ಎಳೆಯುತ್ತಿದ್ದದ್ದು ಬಲಗಾಲು. ನಾನು ಬಾಚಣಿಗೆ ತೋರಿಸಿ ಗದರಿದೆ, ‘ತಪ್ಪು ಕಾಲು! ಎಡ, ಎಡ!’ ಅಪ್ಪ ನನ್ನನ್ನು ಒಂದು ಸಲ ನೋಡಿದರು, ನಕ್ಕರು, ‘ಹೌದಲ್ವಾ’ ಅಂದರು. ಅಂದು ಬಲಗಾಲಿನ ಮೇಲೆ ಪೂರ್ತಿ ಭಾರ ಹಾಕಿ, ನನಗೋಸ್ಕರ ಎಡಗಾಲು ಎಳೆದುಕೊಂಡು ಅಡುಗೆಮನೆಯವರೆಗೆ ನಡೆದರು. ನಾನು ನಗುತ್ತ ಚಪ್ಪಲಿ ಮೆಟ್ಟಿಕೊಂಡು ಹೋದೆ. ಆ ಬಲಗಾಲಿನ ಅಡಿಯಲ್ಲಿ ಆಗಲೇ ಗಾಯವಿತ್ತು ಕಣೋ. ಹಳೇ ಬೂಟಿನ ಮೊಳೆ ಒಳಗೆ ಎದ್ದಿತ್ತು. ಅವರಿಗೆ ಸಕ್ಕರೆ ಕಾಯಿಲೆಯಲ್ಲವೇ, ಕಾಲು ಅರ್ಧ ಮರಗಟ್ಟಿ, ಚುಚ್ಚಿದ್ದು ಗೊತ್ತೇ ಆಗಿರಲಿಲ್ಲ. ಗೊತ್ತಾದ ಮೇಲೂ ಹೇಳಲಿಲ್ಲ. ನಾಲ್ಕೈದು ದಿನ ಮನೆಯಲ್ಲಿ ಕುಂಟಿಕೊಂಡೇ ಓಡಾಡಿದರು, ಒಂದೊಂದು ಸಲವೂ ನಾವು ಹಾಸ್ಯ ಮಾಡಿದೆವು. ನಮ್ಮ ಮನೆಯವರ ಜಾಯಮಾನವೇ ಇದು. ನೀನು ಡಬ್ಬಿಗೆ ಕೈಹಾಕಿ ಉಪ್ಪು ನೆಕ್ಕುತ್ತಿದ್ದಾಗಲೂ ಕಾಯಿಲೆಯ ಗುರುತು ಅಂತ ತಿಳಿಯದೆ ಉಪ್ಪಣ್ಣ ಅಂತ ಹೆಸರಿಟ್ಟು ನಕ್ಕೆವು, ಸ್ನಾನದಮನೆಯಲ್ಲಿ ಬಿದ್ದು ಹಲ್ಲು ಕಚ್ಚಿಕೊಳ್ಳುವವರೆಗೂ ನಕ್ಕೆವು.

ಇಪ್ಪತ್ತಮೂರಕ್ಕೆ ಚಳಿ ಜ್ವರ ಬಂತು, ಮಾತು ತೊದಲಿತು. ಸಾಕ್ಸ್ ಬಿಚ್ಚಿದ ಅಮ್ಮ ಕಿರುಚಿದ್ದು ಕೇಳಿ ಮೇಲಿನ ಮನೆಯವರು ಇಳಿದು ಬಂದರು. ಆಸ್ಪತ್ರೆಯಲ್ಲಿ ಒಬ್ಬಳು ಚಿಕ್ಕ ವಯಸ್ಸಿನ ಡಾಕ್ಟರು, ನನಗಿಂತ ಸಣ್ಣವಳು, ಪಾಪ ಬೆಳಗಿನಿಂದ ಕೂತಿರಲಿಲ್ಲವೋ ಏನೋ, ಮಂಚದ ಕಂಬಿಗೆ ಒರಗಿಕೊಂಡೇ ಕಾರ್ಡಿನ ದಾಖಲೆ ಓದಿದಳು. ಓದಿ ಮುಖ ಗಂಭೀರ ಮಾಡಿಕೊಂಡಳು. ಎಂಟು ವರ್ಷ ಈ ಮಾತ್ರೆ ತಿಂದವರ ಮೈ ತಾನಾಗಿ ಆ ಹಾರ್ಮೋನು ಮಾಡುವುದನ್ನು ಮರೆತಿರುತ್ತದೆ, ಇಂಥ ಜ್ವರದಲ್ಲಿ ದೊಡ್ಡ ಪ್ರಮಾಣದಲ್ಲಿ ಕೊಡಲೇಬೇಕು ಅಂತ ನರ್ಸಿಗೆ ಹೇಳಿದಳು. ಅವಳು ಹೇಳಿದ್ದರಲ್ಲಿ ಏನೂ ತಪ್ಪಿಲ್ಲ. ಅದು ನಿನಗೆ ಕೊಡಬೇಕಾದ ಔಷಧ, ಅಕ್ಷರಕ್ಕೆ ಅಕ್ಷರ ಸರಿ. ಆಮೇಲೆ ಅಪ್ಪನ ಮುಖಕ್ಕೆ ಬಗ್ಗಿ ಕೇಳಿದಳು, ‘ಯಜಮಾನ್ರೇ, ಮಾತ್ರೆ ನಿಲ್ಲಿಸಿಲ್ಲ ತಾನೇ? ದಿನಾ ತಗೊಳ್ತೀರಾ?’ ಅಷ್ಟು ಜ್ವರದಲ್ಲೂ ಅಪ್ಪನಿಗೆ ಪಾಠ ಮರೆತಿರಲಿಲ್ಲ. ‘ಒಂದು ದಿನಾನೂ ಬಿಟ್ಟಿಲ್ಲ ಡಾಕ್ಟ್ರೇ’ ಅಂದರು. ಡಾಕ್ಟರು ನನ್ನ ಕಡೆ ತಿರುಗಿದಳು. ನಾನು ತಲೆ ಆಡಿಸಿದೆ. ಹೌದು ಅಂತ ಆಡಿಸಿದೆ.

ಬಾಯಿಬಿಟ್ಟು ಹೇಳಲಿಲ್ಲ, ತಲೆ ಆಡಿಸಿದ್ದಷ್ಟೇ ಅಂತ ನನಗೆ ನಾನೇ ಎಷ್ಟೋ ಸಲ ಸಮಾಧಾನ ಹೇಳಿಕೊಂಡೆ. ಥೂ, ಅದೆಂಥ ಸಮಾಧಾನ. ಬೇಡದ ಮೈಗೆ ಹೋದರೆ ಆ ಔಷಧ ಸಕ್ಕರೆ ಏರಿಸುತ್ತದೆ, ಗಾಯ ಮಾಯಲು ಬಿಡುವುದಿಲ್ಲ. ಎರಡನೇ ದಿನ ಸಕ್ಕರೆ ಏರಿತು, ಇಳಿಯಲೇ ಇಲ್ಲ. ಕಾಲಿನ ಕಪ್ಪು ಹಿಮ್ಮಡಿಯಿಂದ ಮೇಲೆ ಹತ್ತಿತು. ಆ ಡಾಕ್ಟರು ಓಣಿಯಲ್ಲಿ ನನ್ನನ್ನು ನಿಲ್ಲಿಸಿ, ‘ಏನೋ ತಾಳೆ ಆಗ್ತಿಲ್ಲ, ಬೇರೆ ಏನಾದ್ರೂ ಔಷಧ ತಗೋತಿದ್ರಾ, ಯೋಚಿಸಿ ಹೇಳಿ’ ಅಂದಳು. ಯಾರೂ ಇರಲಿಲ್ಲ ಸುತ್ತ. ಅವಳ ಮುಖದಲ್ಲಿ ನಿಜವಾಗಿ ಚಿಂತೆಯಿತ್ತು. ಹೇಳಿಬಿಡಬಹುದಿತ್ತು, ಮೂರೇ ಪದ, ‘ಅದು ತಮ್ಮನ ಮಾತ್ರೆ’. ಆದರೆ ಅವತ್ತು ಬೆಳಗ್ಗೆ ಮುಖ ಒರೆಸುವಾಗ ಅಪ್ಪ ನನ್ನ ಮಣಿಕಟ್ಟು ಹಿಡಿದು ಹೇಳಿದ್ದರು, “ಬಾಯಿ ಬಿಟ್ಟೀಯ, ಜೋಕೆ. ಕಾರ್ಡು ಹೋಗುತ್ತೆ. ಅವನು ಅಷ್ಟು ದೂರದಲ್ಲಿದಾನೆ.” ಹಿಡಿತ ಎಷ್ಟಿತ್ತೆಂದರೆ ಬಳೆ ಒತ್ತಿ ಗುರುತಾಗಿತ್ತು. ನಾನು ಡಾಕ್ಟರಿಗೆ ‘ಬೇರೇನೂ ಇಲ್ಲ ಮೇಡಂ’ ಅಂದೆ. ನಾನು ಅಪ್ಪನ ಮಾತು ಕೇಳಿದೆನೋ, ಇಲ್ಲಾ ನಿನ್ನನ್ನು ತಕ್ಕಡಿಯ ಒಂದು ತಟ್ಟೆಯಲ್ಲೂ ಅವರನ್ನು ಇನ್ನೊಂದು ತಟ್ಟೆಯಲ್ಲೂ ಇಟ್ಟು ನಾನೇ ತೂಗಿದೆನೋ, ನನಗೆ ಗೊತ್ತಿಲ್ಲ. ಸುಳ್ಳು. ಗೊತ್ತು. ತೂಗಿದೆ.

ಮೂರನೇ ದಿನ ಅವರಿಗೆ ಎಚ್ಚರ ತಪ್ಪುತ್ತ, ಬರುತ್ತ ಇತ್ತು. ಎಚ್ಚರವಿದ್ದಾಗ ಮತ್ತೆ ಕಂಡಕ್ಟರಾಗಿ ಬಸ್ಸಿನಲ್ಲಿದ್ದರು. ‘ಮುಂದೆ ಹೋಗಿ, ಮುಂದೆ ಜಾಗ ಇದೆ’ ಅಂತ ವಾರ್ಡಿನವರಿಗೆಲ್ಲ ಹೇಳುತ್ತಿದ್ದರು, ಪಕ್ಕದ ಮಂಚದವರು ನಕ್ಕರು. ಅಮ್ಮನನ್ನು ನೋಡಿ ಪಾಸ್ ತೋರಿಸು ಅಂದರು. ನಾಲ್ಕನೇ ದಿನ ಬೆಳಗ್ಗೆ ಒಂದು ಸಲ ಜೋರಾಗಿ ಉಸಿರು ಎಳೆದುಕೊಂಡರು, ಮತ್ತೆ ಬಿಡಲಿಲ್ಲ. ನರಳಲಿಲ್ಲ, ಇಷ್ಟನ್ನು ಮಾತ್ರ ನಿನ್ನ ಮನಸ್ಸಿನ ಸಮಾಧಾನಕ್ಕಲ್ಲ, ನಿಜವೆಂದೇ ಬರೆಯುತ್ತಿದ್ದೇನೆ. ಹೇಳಿದ್ದರೆ ಬದುಕುತ್ತಿದ್ದರೇ? ಗಾಯದ ವಿಷ ಆಗಲೇ ರಕ್ತಕ್ಕೆ ಸೇರಿತ್ತು, ಆ ಔಷಧವನ್ನು ಅಂಥವರಿಗೆ ಹೇಗಾದರೂ ಕೊಡುತ್ತಿದ್ದರು ಅಂತಲೂ ಇರಬಹುದು. ಅದನ್ನು ಯಾರನ್ನು ಕೇಳಲಿ? ಕೇಳಬೇಕೆಂದರೆ ಮೊದಲು ಎಲ್ಲವನ್ನೂ ಹೇಳಬೇಕು. ಆ ಹುಡುಗಿ ಡಾಕ್ಟರು ಕೊನೆಗೆ ನನ್ನ ಭುಜ ಮುಟ್ಟಿ, ‘ನಮ್ಮ ಕೈಲಾದದ್ದೆಲ್ಲ ಮಾಡಿದ್ವಿ’ ಅಂದಳು. ಅವಳು ಮಾಡಿದ್ದಳು. ನಾನು ಅವಳ ಕಣ್ಣು ತಪ್ಪಿಸಿ ಗೋಡೆಗೆ ಅಂಟಿಸಿದ್ದ ಕೈ ತೊಳೆಯುವ ಸೂಚನೆಯನ್ನು ಮೇಲಿಂದ ಕೆಳಗೆ ಓದುತ್ತ ನಿಂತಿದ್ದೆ.

ಮೊನ್ನೆ ಮಂಗಳವಾರ ಅಮ್ಮನಿಗೂ ಎಲ್ಲ ಹೇಳಿದೆ. ತಲೆ ಆಡಿಸಿದ್ದು, ಓಣಿಯಲ್ಲಿ ಸುಳ್ಳು ಹೇಳಿದ್ದು, ಆ ಔಷಧ ಬೇಡದವರ ಮೈಗೆ ಏನು ಮಾಡುತ್ತದೆ ಅನ್ನುವುದು, ಒಂದನ್ನೂ ಬಿಡಲಿಲ್ಲ. ಹೊಡೆಯುತ್ತಾಳೆ ಅಂದುಕೊಂಡಿದ್ದೆ. ಹೊಡೆದಿದ್ದರೆ ಚೆನ್ನಾಗಿತ್ತು. ಬಟ್ಟೆ ಮಡಿಸುತ್ತಿದ್ದವಳು ಮಡಿಸುತ್ತಲೇ ಇದ್ದಳು, ಅಪ್ಪನ ಅಂಗಿಗಳನ್ನೂ ಮಡಿಸಿಟ್ಟಳು. ಕೊನೆಗೆ, ‘ಅವರ ಜಾಗದಲ್ಲಿ ನಾನಿದ್ರೂ ನಿನ್ನ ಕೈ ಹಿಡ್ಕೊಂಡು ಅದನ್ನೇ ಹೇಳ್ತಿದ್ದೆ’ ಅಂದು ಎದ್ದು ಹೋಗಿ ನೀರು ತುಂಬಿಸಿದಳು. ನಾನು ಹಿಂದೆಯೇ ಹೋಗಿ ಹೇಳಿದೆ, ಇನ್ನು ಈ ಮನೆಯಲ್ಲಿ ಯಾರೂ ಯಾರ ಕಾಯಿಲೆಯನ್ನೂ ತಮ್ಮ ಹೆಸರಿಗೆ ಬರೆಸಿಕೊಳ್ಳಕೂಡದು, ನಾನು ಬದುಕಿರುವವರೆಗೂ ಬಿಡುವುದಿಲ್ಲ ಅಂತ. ಅವಳು ನಲ್ಲಿ ತಿರುಗಿಸಿದಳು, ಸದ್ದಿನಲ್ಲಿ ಕೇಳಿಸಿತೋ ಇಲ್ಲವೋ. ಕಾರ್ಡಿನಲ್ಲಿ ಅಪ್ಪನ ಹೆಸರು ಹೋಗಿ ಈಗ ಅಮ್ಮನ ಹೆಸರೊಂದೇ ಉಳಿದಿದೆ.

ಹಾಗಾಗಿ ಮುಂದಿನದನ್ನು ನೇರವಾಗಿ ಹೇಳುತ್ತೇನೆ. ಪೊಟ್ಟಣದಲ್ಲಿರುವುದು ಅಪ್ಪ ಕೂಡಿಟ್ಟ ಕೊನೆಯ ಮಾತ್ರೆಗಳು. ಈಗ ನುಂಗಿದ್ದನ್ನು ಬಿಟ್ಟು ಇನ್ನು ನಲವತ್ತು ದಿನಕ್ಕೆ ಬರುತ್ತವೆ. ಅರ್ಧ ಅರ್ಧ ಮುರಿದು ಎಂಬತ್ತು ದಿನ ಎಳೆಯುತ್ತೇನೆ ಅನ್ನುವ ನಿನ್ನ ಜಾಣತನ ಬೇಡವೇ ಬೇಡ. ಎರಡು ವರ್ಷದ ಹಿಂದೆ ಹಾಗೆ ಮಾಡಿ ಬಸ್ಸಿನಲ್ಲೇ ಉರುಳಿ ಬಿದ್ದದ್ದು ನೆನಪಿರಲಿ. ನಲವತ್ತು ದಿನದೊಳಗೆ ನೀನು ಇಲ್ಲಿಗೆ ಬಾ, ನಿನ್ನ ಹೆಸರಿನಲ್ಲೇ ಒಬ್ಬ ಡಾಕ್ಟರನ್ನು ನೋಡೋಣ. ಅವರು ರಕ್ತ ಪರೀಕ್ಷೆ ಕೇಳುತ್ತಾರೆ, ಅದು ಇದು ಅಂತ ಪಟ್ಟಿ ಕೊಡುತ್ತಾರೆ, ಮನೆಯಲ್ಲಿರುವ ನನ್ನ ಹೊಲಿಗೆ ಮಿಷನ್ನನ್ನು ಮಾರಿದರೂ ಒಂದು ವರ್ಷಕ್ಕೆ ಸಾಲುವುದಿಲ್ಲ ಅಂತ ಗೊತ್ತು. ಆಮೇಲಿನದು ಆಮೇಲೆ. ಕ್ಯಾಂಪಿನ ಕಂತ್ರಾಟುದಾರನನ್ನು ಮತ್ತೊಮ್ಮೆ ಕೇಳು, ಮೂರು ವರ್ಷ ಆದವರಿಗೆ ವಿಮೆ ಅಂದಿದ್ದನಲ್ಲ, ಅದು ಎರಡಕ್ಕೇ ಆಗುತ್ತದೆಯೇ ಅಂತ. ಆಗುವುದಿಲ್ಲ ಅಂತ ನನಗೂ ಗೊತ್ತು, ಆದರೂ ಕೇಳು. ಇಲ್ಲಿ ನಮ್ಮ ಮೇಲ್ವಿಚಾರಕಿಯನ್ನು ನಾನೂ ಕೇಳಿದೆ. ‘ಗಂಡ ಇದ್ರೆ ಸೇರಿಸಬಹುದು, ತಮ್ಮನ್ನೆಲ್ಲ ಸೇರಿಸಕ್ಕಾಗಲ್ಲ’ ಅಂದಳು. ಗಂಡನನ್ನು ಈಗ ಎಲ್ಲಿಂದ ತರಲಿ, ತಂದರೂ ಅವನಿಗೆ ನಿನ್ನ ಹಾಗೆ ಗ್ರಂಥಿ ಒಣಗಿರುತ್ತದೆಯೇ!

ಒಂದು ಮಾತು. ನೀನು ಈಗ ಏನು ಯೋಚಿಸುತ್ತಿದ್ದೀಯ ಅಂತ ಇಲ್ಲಿಂದಲೇ ನನಗೆ ಕಾಣುತ್ತಿದೆ. ನನ್ನಿಂದಲೇ ಅಪ್ಪ ಸತ್ತರು ಅಂತ ತಾನೆ? ಆ ಯೋಚನೆಯನ್ನು ತಲೆಯಿಂದ ಕಿತ್ತು ಬಿಸಾಡು. ಗ್ರಂಥಿ ಒಣಗಲಿ ಅಂತ ನೀನು ಅರ್ಜಿ ಹಾಕಿರಲಿಲ್ಲ. ಮಾತ್ರೆ ಬಿಟ್ಟು ಅಪ್ಪನ ಹಿಂದೆ ಹೋಗುತ್ತೇನೆ ಅಂತೇನಾದರೂ ಹುಚ್ಚು ಹತ್ತಿದರೆ, ನೋಡು, ನಾನು ಅಲ್ಲಿಗೇ ಬಂದು ಇನ್ನೂರು ಜನದ ಮುಂದೆ ಕಪಾಳಕ್ಕೆ ಹೊಡೆದು ಬಾಯಿಗೆ ತುರುಕುತ್ತೇನೆ. ಎಂಟು ವರ್ಷ ಒಬ್ಬ ಮನುಷ್ಯ ನೆಟ್ಟಗಿದ್ದ ಕಾಲನ್ನು ಎಳೆದುಕೊಂಡು ನಡೆದದ್ದು ನೀನು ಬದುಕಿರಲಿ ಅಂತ. ನೀನು ಬದುಕಿದ್ದೀಯ. ನನಗೆ ಅಷ್ಟು ಸಾಕು, ಬೇರೆ ಏನೂ ಇಲ್ಲದಿದ್ದರೂ ಸಾಕು.

ಗಂಟೆ ಬಾರಿಸುತ್ತಿದ್ದಾರೆ, ಮಿಷನ್ನುಗಳು ಶುರುವಾಗುತ್ತವೆ. ಲಾರಿಯವನಿಗೆ ಒಂದು ಲೋಟ ಬಿಸಿಯಾದದ್ದೇನಾದರೂ ಕೊಡು, ಪಕ್ಕದಲ್ಲಿ ಕೂತದ್ದಕ್ಕೆ. ತಣ್ಣೀರು ಸ್ನಾನ ಬೇಡ, ರಾತ್ರಿ ಒಬ್ಬನೇ ಮಲಗಬೇಡ, ಯಾರಾದರೂ ಜೊತೆಗಿರಲಿ. ಅಮ್ಮ ನಿನ್ನ ತಲೆ ನೇವರಿಸಿದ್ದಾಳೆ ಅಂದುಕೋ, ನಾನು ಕಿವಿ ಹಿಂಡಿದ್ದೇನೆ ಅಂದುಕೋ. ನೂರು ವರ್ಷ ಬಾಳು ಅಂತ ಹರಸುವ ವಯಸ್ಸು ನನ್ನದಲ್ಲ, ಆದರೂ ಅಕ್ಕ ಅಲ್ಲವೇ, ಹರಸಿದ್ದೇನೆ.

ನಿನ್ನ ಜಗಳಗಂಟಿ,
ಅಕ್ಕ

ತಾ.ಕ.: ಮನೆಗೆ ಬಂದು ಪೊಟ್ಟಣ ಕಟ್ಟುತ್ತಿದ್ದೇನೆ, ಬೀದಿ ತುದಿಯಲ್ಲಿ ಲಾರಿ ಹಾರನ್ನು ಹೊಡೆಯುತ್ತಿದೆ. ಅಪ್ಪ ಕೂಡಿಡುತ್ತಿದ್ದ ಡಬ್ಬಿಯಲ್ಲಿ ಎರಡು ಹೊಸ ಮಾತ್ರೆ ಪಟ್ಟಿಗಳಿವೆ, ಬೆಳಗ್ಗೆ ನಾನು ಎಣಿಸುವಾಗ ಇರಲಿಲ್ಲ. ಕವರಿನ ಮೇಲೆ ಇವತ್ತಿನ ತಾರೀಕು, ಅಮ್ಮನ ಹೆಸರು. ನಾನು ಕೆಲಸಕ್ಕೆ ಹೋದ ಮೇಲೆ ಒಬ್ಬಳೇ ಕ್ಲಿನಿಕ್ಕಿಗೆ ಹೋಗಿದ್ದಾಳೆ. ಕೇಳಿದರೆ, ‘ನಂಗೂ ಮಂಡಿ ನೋಯುತ್ತೆ, ಸುಳ್ಳೇನಲ್ಲ’ ಅನ್ನುತ್ತಾಳೆ. ಎಲ್ಲ ಗೊತ್ತಿದ್ದೂ ಹೋಗಿದ್ದಾಳೆ ಕಣೋ, ನಾನೇ ಕೂತು ಹೇಳಿದ್ದೆನಲ್ಲ. ಹರಿದು ಚರಂಡಿಗೆ ಎಸೆಯಬೇಕು ಅಂತ ಕೈಗೆ ತೆಗೆದುಕೊಂಡೆ. ಎಸೆಯಲಿಲ್ಲ. ಪೊಟ್ಟಣದೊಳಗೆ ಇಟ್ಟು ಹೊಲಿಗೆ ಹಾಕಿದ್ದೇನೆ. ತಿನ್ನು.